ವಾಲ್-ಈ: ಇಂಟರ್‌ವಲ್ಲಿನ ಆಚೆ, ಈಚೆ

ನಮ್ಮಲ್ಲಿ ಸಿನಿಮಾ ನೋಡಿ ಹೊರಗೆ ಬಂದವರನ್ನ "ಹೇಗಿದೆ?" ಅಂತ ಕೇಳಿ ನೋಡಿ. ಹತ್ತರಲ್ಲಿ ಏಳು ಜನ ಹೇಳೋದು ಒಂದೇ ಮಾತು: "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದಾರೆ." ಇಂಟರ್‌ವಲ್ಲು ಅನ್ನೋದು ನಮಗೆ ಬರೀ ಪಾಪ್‌ಕಾರ್ನು-ಕಾಫಿಯ ಹೊತ್ತಲ್ಲ, ಅದು ನಮ್ಮ ವಿಮರ್ಶೆಯ ಅಳತೆಗೋಲು ಕೂಡ. ಹಾಲಿವುಡ್ಡಿನವರು ಇಂಟರ್‌ವಲ್ಲು ಮನಸ್ಸಲ್ಲಿಟ್ಟುಕೊಂಡು ಕಥೆ ಬರೆಯೋದಿಲ್ಲ, ನಿಜ. ಆದರೂ ಈ ನಮ್ಮ ಅಳತೆಗೋಲಿಗೆ ಪಕ್ಕಾ ಹೊಂದುವ ಒಂದು ಇಂಗ್ಲಿಷ್ ಸಿನಿಮಾ ಇದೆ. 2008ರಲ್ಲಿ ಪಿಕ್ಸಾರ್‌ನವರು ಮಾಡಿದ ‘ವಾಲ್-ಈ’.

ಸುಮಾರು 18 ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ. ಮನೆಮಂದಿಯೆಲ್ಲ ಕೂತು ನೋಡುವ ಬಾಹ್ಯಾಕಾಶ ಸಾಹಸ ಅಂತಲೇ ಅದನ್ನ ಮಾರಿದ್ದು. ಹಾಕಿದ ದುಡ್ಡಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ವಾಪಸ್ ಬಂತು, ಅತ್ಯುತ್ತಮ ಆನಿಮೇಷನ್ ಚಿತ್ರ ಅಂತ ಆಸ್ಕರ್ ಕೂಡ ಬಂತು. ಹಾಗಾಗಿ ಇದನ್ನ ಹೊಗಳೋದಕ್ಕೆ ನನ್ನ ಅಗತ್ಯ ಏನೂ ಇಲ್ಲ. ಆದರೆ ಈ ಸಿನಿಮಾ ಬಗ್ಗೆ ಬರೆಯುವವರು ಎರಡು ಬಣ ಆಗಿಬಿಡ್ತಾರೆ. ಒಂದು ಬಣಕ್ಕೆ ಇದು ಮಾಸ್ಟರ್‌ಪೀಸು, ಇನ್ನೊಂದು ಬಣಕ್ಕೆ ಕಂಪನಿಯವರ ಆಷಾಢಭೂತಿತನ. ನನಗನ್ನಿಸೋದು, ಇದರ ಒಳ್ಳೇದು ಕೆಟ್ಟದ್ದು ಎರಡೂ ಒಂದೇ ಬೇರಿನಿಂದ ಬಂದದ್ದು. ಅದನ್ನ ಸ್ವಲ್ಪ ಬಿಡಿಸಿ ನೋಡೋಣ ಅಂತ.

ಕಥೆ ನೋಡದವರಿಗಾಗಿ ಚುಟುಕಾಗಿ: ‘ಬೈ ಎನ್ ಲಾರ್ಜ್’ ಅನ್ನೋ ಒಂದೇ ಕಂಪನಿ ಅಂಗಡಿಯಿಂದ ಹಿಡಿದು ಸರ್ಕಾರದವರೆಗೆ ಎಲ್ಲವನ್ನೂ ನುಂಗಿಕೊಂಡಿದೆ. ಭೂಮಿ ತುಂಬ ಕಸ. 22ನೇ ಶತಮಾನದ ಶುರುವಿನಲ್ಲಿ ಮನುಷ್ಯರನ್ನೆಲ್ಲ ದೊಡ್ಡ ಹಡಗುಗಳಲ್ಲಿ ಆಕಾಶಕ್ಕೆ ಕಳಿಸಿ, ‘ಐದು ವರ್ಷದಲ್ಲಿ ಕ್ಲೀನ್ ಮಾಡಿಸಿ ಕರೀತೀವಿ’ ಅಂತ ಹೇಳ್ತಾರೆ. ಐದು ವರ್ಷ ಏಳುನೂರು ವರ್ಷ ಆಗುತ್ತೆ. ಕಸ ಬಳಿಯೋಕೆ ಬಿಟ್ಟಿದ್ದ ಯಂತ್ರಗಳೆಲ್ಲ ಕೆಟ್ಟು ನಿಂತಿವೆ. ಒಂದು ಮಾತ್ರ ಇನ್ನೂ ದಿನಾ ಬೆಳಗಾದರೆ ಕೆಲಸಕ್ಕೆ ಹೋಗ್ತಾ ಇದೆ. ಅದೇ ವಾಲ್-ಈ. 1994ರಲ್ಲಿ ಪಿಕ್ಸಾರ್ ಗೆಳೆಯರು ಊಟಕ್ಕೆ ಕೂತಾಗ, ಎಲ್ಲರೂ ಭೂಮಿ ಬಿಟ್ಟು ಹೋಗುವಾಗ ಕೊನೇ ರೋಬೋನ ಆಫ್ ಮಾಡೋದು ಮರೆತರೆ ಏನಾಗಬಹುದು ಅನ್ನೋ ಮಾತು ಬಂತಂತೆ. ಆ ಒಂದು ಎಳೆಯನ್ನ ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಇಷ್ಟು ವರ್ಷ ಆದಮೇಲೆ ಸಿನಿಮಾ ಮಾಡಿದ್ದು.

ಸಿನಿಮಾದ ಮೊದಲ ಅರ್ಧ ಗಂಟೆಗೂ ಮೀರಿ ಹೆಚ್ಚುಕಡಿಮೆ ಮಾತೇ ಇಲ್ಲ. ಅದೇ ಈ ಚಿತ್ರದ ದೊಡ್ಡ ಬಲ.

ಮಾತಿಲ್ಲ ಅಂದಮೇಲೆ ಪಾತ್ರ ನಮಗೆ ಗೊತ್ತಾಗೋದು ಹೇಗೆ? ಅದು ಮಾಡುವ ಕೆಲಸದಿಂದ. ವಾಲ್-ಈ ದಿನವಿಡೀ ಕಸವನ್ನ ಹೊಟ್ಟೆಗೆ ತುಂಬಿಕೊಂಡು, ಅಮುಕಿ, ಇಟ್ಟಿಗೆ ಥರ ಮಾಡಿ ಪೇರಿಸ್ತಾ ಹೋಗುತ್ತೆ. ಅದರ ಇಟ್ಟಿಗೆ ಗೋಪುರಗಳು ಪಕ್ಕದ ಗಗನಚುಂಬಿಗಳಿಗಿಂತ ಎತ್ತರ. ದೂರದಿಂದ ನೋಡಿದಾಗ ಊರು ಅಂದ್ಕೊಂಡದ್ದು ಹತ್ತಿರ ಹೋದರೆ ಕಸ! ಈ ಒಂದು ಶಾಟ್ ಹೇಳುವಷ್ಟನ್ನ ಮುಂದೆ ಯಾವ ಭಾಷಣವೂ ಹೇಳೋದಿಲ್ಲ. ಸಂಜೆ ಮನೆಗೆ ಬಂದು, ಅಂದ್ರೆ ಒಂದು ಹಳೇ ಲಾರಿಯೊಳಗೆ, ಚಕ್ರದ ಪಟ್ಟಿಗಳನ್ನ ಬಾಗಿಲ ಹತ್ತಿರ ಕಳಚಿಟ್ಟು ಒಳಗೆ ಹೋಗುತ್ತೆ. ಚಪ್ಪಲಿ ಹೊರಗೆ ಬಿಟ್ಟು ಹೋದ ಹಾಗೆ. ಆ ಪಟ್ಟಿಗಳಾದರೂ ಅದರದ್ದಲ್ಲ, ಕೆಟ್ಟು ನಿಂತ ತನ್ನದೇ ಜಾತಿಯ ಇನ್ನೊಂದು ಯಂತ್ರದಿಂದ ಬಿಚ್ಚಿಕೊಂಡದ್ದು. ಇದನ್ನ ಸಿನಿಮಾ ಎಲ್ಲೂ ಎತ್ತಿ ಹೇಳೋದಿಲ್ಲ, ಸುಮ್ಮನೆ ತೋರಿಸಿ ಮುಂದೆ ಹೋಗುತ್ತೆ.

ಕಸದಲ್ಲಿ ಸಿಕ್ಕಿದ್ದನ್ನೆಲ್ಲ ಅದು ವಿಂಗಡಿಸಿ ಇಡುತ್ತೆ. ಚಮಚಗಳ ಡಬ್ಬಿ ಒಂದು, ಫೋರ್ಕುಗಳ ಡಬ್ಬಿ ಒಂದು. ಒಂದಿನ ಎರಡೂ ಸೇರಿದ ಒಂದು ಐಟಂ ಸಿಗುತ್ತೆ, ಮುಂದೆ ಚಮಚ ತುದಿಯಲ್ಲಿ ಫೋರ್ಕಿನ ಹಲ್ಲು. ಈ ಡಬ್ಬಿಗಾ, ಆ ಡಬ್ಬಿಗಾ? ಸ್ವಲ್ಪ ಯೋಚಿಸಿ ಎರಡರ ನಡುವೆ ಇಟ್ಟುಬಿಡುತ್ತೆ. ವಜ್ರದುಂಗುರ ಸಿಕ್ಕರೆ ಉಂಗುರ ಎಸೆದು ಡಬ್ಬಿ ಇಟ್ಟುಕೊಳ್ಳುತ್ತೆ, ಯಾಕಂದ್ರೆ ಡಬ್ಬಿಯ ಮುಚ್ಚಳ ಟಪ್ ಅಂತ ಮುಚ್ಚೋದು ಮಜವಾಗಿದೆ. ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ ಅನ್ನೋದನ್ನ ಅಂಗಡಿಯವರು ಹೇಳಿಕೊಡದೆ ಹೋದರೆ ವಸ್ತುಗಳು ಹೇಗೆ ಕಾಣಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಬೇಕಾ? ಐದು ವರ್ಷದ ಮಗುವಿಗೆ ನಗು ಬರುತ್ತೆ, ನಲವತ್ತರ ನನಗೆ ಇಎಂಐ ನೆನಪಾಗುತ್ತೆ.

ಈ ಮೌನ ತಾನಾಗೇ ಬಂದದ್ದಲ್ಲ. ತಂಡದವರು ಚಾಪ್ಲಿನ್, ಬಸ್ಟರ್ ಕೀಟನ್ ಸಿನಿಮಾಗಳನ್ನ ಕೂತು ನೋಡಿ ಕಲಿತಿದಾರೆ. ಶಬ್ದ ಮಾಡಿದ್ದು ಬೆನ್ ಬರ್ಟ್, ‘ಸ್ಟಾರ್ ವಾರ್ಸ್’ನ ಆರ್‌ಟೂ-ಡೀಟೂಗೆ ಭಾಷೆ ಕೊಟ್ಟ ಮನುಷ್ಯ. ಕೈಯಲ್ಲಿ ತಿರುಗಿಸುವ ಹಳೇ ಜನರೇಟರಿನ ಸದ್ದಿನಿಂದ ವಾಲ್-ಈಯ ನಡಿಗೆ ಮಾಡಿದ್ದಾರೆ. ಅದರ ‘ಧ್ವನಿ’ಯೂ ಅವರದ್ದೇ. ಛಾಯಾಗ್ರಾಹಕ ರಾಜರ್ ಡೀಕಿನ್ಸ್ ಅವರನ್ನ ಕರೆಸಿ, ಕಂಪ್ಯೂಟರಿನೊಳಗಿನ ಕ್ಯಾಮೆರಾ ನಿಜವಾದ ಕ್ಯಾಮೆರಾದ ಹಾಗೆ ನೋಡಬೇಕಂದ್ರೆ ಬೆಳಕು ಹೇಗಿರಬೇಕು ಅಂತ ಕೇಳಿ ತಿಳಿದುಕೊಂಡಿದಾರೆ. ಅದಕ್ಕೇ ಆ ಧೂಳು, ಆ ಮಬ್ಬು, ದೂರದ್ದು ಮಸುಕಾಗಿ ಹತ್ತಿರದ್ದು ಸ್ಪಷ್ಟವಾಗಿ ಕಾಣೋದು, ಎಲ್ಲವೂ ಯಾರೋ ಅಲ್ಲಿ ಹೋಗಿ ಶೂಟ್ ಮಾಡಿಕೊಂಡು ಬಂದ ಹಾಗಿದೆ. 18 ಕೋಟಿ ಡಾಲರ್ ಎಲ್ಲಿ ಹೋಯ್ತು ಅಂದ್ರೆ ಇಲ್ಲಿ ಹೋಯ್ತು. ದೊಡ್ಡ ಬಜೆಟ್ ಅಂದ್ರೆ ದೊಡ್ಡ ಸ್ಫೋಟ ಅಂತಲೇ ತಿಳಿದವರು ಇದನ್ನ ನೋಡಬೇಕು. ಒಂದು ಜಿರಲೆ, ಒಂದು ತುಕ್ಕು ಡಬ್ಬ, ಒಂದು ಬಲ್ಬು, ಇಷ್ಟನ್ನ ನಂಬುವ ಹಾಗೆ ತೋರಿಸೋಕೆ ಅಷ್ಟು ದುಡ್ಡು ಸುರಿದಿದಾರೆ.

ಮತ್ತೆ ಆ ಕ್ಯಾಸೆಟ್ಟು. ವಾಲ್-ಈ ಹತ್ತಿರ ಉಳಿದಿರೋದು ಒಂದೇ ಒಂದು ಸಿನಿಮಾ, 1969ರ ‘ಹಲೋ, ಡಾಲಿ!’. ದಿನಾ ಸಂಜೆ ಅದನ್ನೇ ಹಾಕಿಕೊಂಡು, ಹಾಡಿನಲ್ಲಿ ಜೋಡಿಗಳು ಕೈಹಿಡಿಯೋದನ್ನ ನೋಡಿ ತನ್ನ ಎರಡು ಕೈಗಳನ್ನೇ ಒಂದಕ್ಕೊಂದು ಹೆಣೆದುಕೊಳ್ಳುತ್ತೆ. ಒಂಟಿತನ ಅನ್ನೋದನ್ನ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ತೋರಿಸಿದ್ದು ನಾನು ಕಂಡದ್ದು ಕಮ್ಮಿ. ಆಮೇಲೆ ಈವ್ ಬರ್ತಾಳೆ. ಮೊಟ್ಟೆಯ ಹಾಗೆ ಬೆಳ್ಳಗೆ, ನುಣ್ಣಗೆ, ಅಲುಗಾಡಿದರೆ ಗುಂಡು ಹಾರಿಸೋಳು. ಭೂಮಿಯಲ್ಲಿ ಗಿಡ ಇದೆಯಾ ಅಂತ ಹುಡುಕೋದು ಅವಳ ಕೆಲಸ. ಹಳೇ ಬೂಟಿನಲ್ಲಿ ನೆಟ್ಟ ಸಸಿ ಕೈಗೆ ಸಿಕ್ಕಿದ ತಕ್ಷಣ ಅವಳು ಬಾಗಿಲು ಹಾಕಿಕೊಂಡು ನಿದ್ದೆಗೆ ಹೋಗಿಬಿಡ್ತಾಳೆ. ಇವನು ಬಿಸಿಲಲ್ಲಿ, ಮಳೆಯಲ್ಲಿ, ಸಿಡಿಲಲ್ಲಿ ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ತಾನೆ. (ನೋಡಿ, ಯಾವಾಗ ‘ಅದು’ ಹೋಗಿ ‘ಅವನು’ ಬಂತು ಅನ್ನೋದು ನನಗೇ ತಿಳೀಲಿಲ್ಲ. ಅದೇ ಈ ಚಿತ್ರದ ಗೆಲುವು.)

ಇಲ್ಲಿಗೆ ನಮ್ಮ ಇಂಟರ್‌ವಲ್ಲು.

ಈವ್‌ನ ಹಿಂದೆ ವಾಲ್-ಈ ರಾಕೆಟ್ ಹಿಡಿದು ನೇತಾಡಿಕೊಂಡು ಹೋಗ್ತಾನೆ. ಶನಿಗ್ರಹದ ಉಂಗುರಕ್ಕೆ ಕೈ ಆಡಿಸ್ತಾ ಹೋಗೋ ಆ ಶಾಟ್ ಇನ್ನೂ ಮೊದಲ ಭಾಗಕ್ಕೇ ಸೇರಿದ್ದು. ಆಮೇಲೆ ಸಿಗೋದು ‘ಆಕ್ಸಿಯಂ’ ಅನ್ನೋ ಹಡಗು. ಅಲ್ಲಿ ಮನುಷ್ಯರು ತೇಲುವ ಕುರ್ಚಿಗಳಲ್ಲಿ ಮಲಗಿದ್ದಾರೆ. ಮುಖದ ಮುಂದೆ ಪರದೆ, ಕೈಯಲ್ಲಿ ಲೋಟ. ಪಕ್ಕದಲ್ಲೇ ಇರುವವನ ಹತ್ತಿರ ಪರದೆಯಲ್ಲೇ ಮಾತು. 2008ರಲ್ಲಿ, ಇನ್ನೂ ನಮ್ಮ ಕೈಗೆ ಸ್ಮಾರ್ಟ್‌ಫೋನು ಸರಿಯಾಗಿ ಬರುವುದಕ್ಕೆ ಮುಂಚೆಯೇ ಇದನ್ನ ಬರೆದಿದ್ದಾರೆ ಅನ್ನೋದು ನೆನಪಿರಲಿ. ಮೇರಿ ಅನ್ನೋಳ ಪರದೆ ಅಕಸ್ಮಾತ್ ಆರಿಹೋದಾಗ ಅವಳು ಸುತ್ತ ನೋಡಿ, ಅರೆ, ನಮ್ಮಲ್ಲಿ ಈಜುಕೊಳ ಇತ್ತಾ ಅಂತ ಬೆರಗಾಗ್ತಾಳೆ. ಮಾತು ಶುರುವಾದ ಮೇಲೂ ಚಿತ್ರದಲ್ಲಿ ಜೀವ ಇದೆ ಅನ್ನೋದಕ್ಕೆ ಇದೊಂದು ಸಾಕ್ಷಿ. ಇನ್ನೊಂದು, ಬೆಂಕಿ ಆರಿಸುವ ಸಿಲಿಂಡರಿನ ನೊರೆ ಹಾರಿಸಿಕೊಂಡು ವಾಲ್-ಈ, ಈವ್ ಇಬ್ಬರೂ ಹಡಗಿನ ಸುತ್ತ ಕುಣಿಯೋದು. ನೆಲದ ಕೊಳೆ ಕಂಡರೆ ಆಗದ, ಗೆರೆ ಬಿಟ್ಟು ಆಚೆ ಹೋಗೋಕೆ ಹೆದರುವ ಆ ಪುಟ್ಟ ಒರೆಸೋ ಯಂತ್ರ ‘ಮೋ’ ಕೂಡ ಪಾಸು.

ಹಾಗಾದ್ರೆ ತೊಂದರೆ ಎಲ್ಲಿ?

ಮೊದಲನೇದು, ಸಿನಿಮಾ ನೋಡೋದನ್ನ ಬಿಟ್ಟು ಓಡೋಕೆ ಶುರು ಮಾಡುತ್ತೆ. ಸಸಿ ಇವನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ಕ್ಯಾಪ್ಟನ್ ಕೈಗೆ, ಅಲ್ಲಿಂದ ಕಸದ ಗುಂಡಿಗೆ, ಮತ್ತೆ ವಾಪಸ್ಸು. ರಗ್ಬಿ ಚೆಂಡಿನ ಹಾಗೆ. ಮೊದಲ ಭಾಗದಲ್ಲಿ ಬೂಟಿನೊಳಗಿನ ಅದೇ ಸಸಿ ಒಂದು ಜೀವ. ಇಲ್ಲಿ ಅದು ಬರೀ ಕೀಲಿಕೈ, ಒಂದು ತೂತಿಗೆ ಹಾಕಿದರೆ ಹಡಗು ಭೂಮಿಗೆ ತಿರುಗುತ್ತೆ, ಅಷ್ಟೇ. ಮಕ್ಕಳ ಸಿನಿಮಾ ಅಂದಮೇಲೆ ಕೊನೆಗೆ ಅಟ್ಟಾಡಿಸಿಕೊಂಡು ಹೋಗುವ ದೃಶ್ಯ ಇರಲೇಬೇಕು ಅಂತ ಯಾರೋ ಕಾನೂನು ಮಾಡಿದಂಗಿದೆ. ಮೊದಲ ನಲವತ್ತು ನಿಮಿಷದಲ್ಲಿ ಒಂದು ಚಮಚದ ಮೇಲೆ ಮಕ್ಕಳ ಗಮನ ನಿಲ್ಲಿಸಿದವರಿಗೆ ಕೊನೆಯ ನಲವತ್ತರಲ್ಲಿ ಆ ಧೈರ್ಯ ಯಾಕೆ ಉಳೀಲಿಲ್ಲ?

ಎರಡನೇದು ಇದಕ್ಕಿಂತ ಗಟ್ಟಿ ತಕರಾರು. ಈ ಕಥೆಯ ಖಳನಾಯಕ ಯಾರು? ಭೂಮಿಯನ್ನ ಕಸ ಮಾಡಿದ್ದು ಕಂಪನಿ. ವಾಪಸ್ ಕರೀತೀವಿ ಅಂತ ಸುಳ್ಳು ಹೇಳಿದ್ದು ಕಂಪನಿ. ಭೂಮಿ ಸರಿಹೋಗಲ್ಲ ಅಂತ ಗೊತ್ತಾದಾಗ, ‘ಇನ್ನು ತರಬೇಡಿ’ ಅಂತ ಹಡಗುಗಳಿಗೆ ಗುಟ್ಟಾಗಿ ಆಜ್ಞೆ ಕಳಿಸಿದ್ದು ಕೂಡ ಆ ಕಂಪನಿಯ ಮುಖ್ಯಸ್ಥನೇ. ಆದರೆ ಸಿನಿಮಾದ ಕೊನೆಯ ಹೊಡೆದಾಟ ಯಾರ ಜೊತೆ? ‘ಆಟೋ’ ಅನ್ನೋ ಹಡಗಿನ ಸ್ಟೀರಿಂಗ್ ಚಕ್ರದ ಜೊತೆ! ಕೆಂಪು ಕಣ್ಣಿನ, ಕ್ಯೂಬ್ರಿಕ್‌ನ ‘2001’ರ ಹಾಲ್ ಕಂಪ್ಯೂಟರನ್ನ ನೆನಪಿಸುವ ಆ ಯಂತ್ರ ಏಳುನೂರು ವರ್ಷ ಮಾಡಿದ್ದು ಒಂದೇ, ಕೊಟ್ಟ ಆಜ್ಞೆ ಪಾಲಿಸಿದ್ದು. ಕ್ಯಾಪ್ಟನ್ ಎದ್ದು ನಿಂತು ಅದರ ಸ್ವಿಚ್ ಆರಿಸ್ತಾನೆ, ಎಲ್ಲರೂ ಚಪ್ಪಾಳೆ ಹೊಡೀತಾರೆ, ಲೆಕ್ಕ ಚುಕ್ತಾ. ಆಜ್ಞೆ ಕೊಟ್ಟವನ ಮೇಲೆ ಒಬ್ಬನಿಗೂ ಸಿಟ್ಟು ಬರೋದಿಲ್ಲ. ಅವನು ಹಳೇ ವಿಡಿಯೋದಲ್ಲಿ ನಗ್ತಾ ಮಾತಾಡುವ ಕಾಮಿಡಿ ಪೀಸಾಗಿಯೇ ಉಳೀತಾನೆ. ಆಫೀಸಿನಲ್ಲಿ ಸಾಹೇಬರು ಮಾಡಿದ ತಪ್ಪಿಗೆ ಜವಾನನ ಸಂಬಳ ಹಿಡಿದ ಹಾಗೆ ಇದು.

ಸತ್ತು ಏಳುನೂರು ವರ್ಷ ಆದವನನ್ನ ಎಲ್ಲಿ ಹುಡುಕೋದು ಅಂತ ನೀವು ಕೇಳಬಹುದು. ಕೇಳಿ. ಆದರೆ ಕಂಪನಿ ಸತ್ತಿಲ್ಲವಲ್ಲ! ಹಡಗಿನ ತುಂಬ ಅದರದ್ದೇ ಹೆಸರು, ಮಕ್ಕಳಿಗೆ ಎ ಫಾರ್ ಏನು ಅಂತ ಕಲಿಸೋದೂ ಅದೇ. ಸಿನಿಮಾ ಆ ಎಳೆಯನ್ನ ಕೈಯಲ್ಲಿ ಹಿಡಿದಿತ್ತು, ಆಮೇಲೆ ಕೆಳಗೆ ಬಿಟ್ಟುಬಿಡ್ತು. ಯಾಕೆ ಬಿಟ್ಟಿತು ಅನ್ನೋದು ಊಹಿಸೋದು ಕಷ್ಟ ಅಲ್ಲ. ಈ ಚಿತ್ರ ಹಂಚಿದ್ದು ಡಿಸ್ನಿ. ಚಿತ್ರದ ಜೊತೆಗೇ ವಾಲ್-ಈ ಗೊಂಬೆಗಳು ಅಂಗಡಿಗೆ ಬಂದವು. ಅತಿಯಾಗಿ ಕೊಳ್ಳಬೇಡಿ ಅನ್ನುವ ಕಥೆಯ ಪ್ಲಾಸ್ಟಿಕ್ ಗೊಂಬೆ! ಇದಿಷ್ಟಕ್ಕೇ ಸಿನಿಮಾ ಸುಳ್ಳಾಗಿಬಿಡುತ್ತೆ ಅಂತ ನಾನು ಹೇಳಲ್ಲ. ಸ್ಟಾಂಟನ್ ಮತ್ತವರ ತಂಡದ ಪ್ರೀತಿ ಪ್ರತಿ ಫ್ರೇಮಿನಲ್ಲೂ ಕಾಣುತ್ತೆ. ಆದರೆ ಆ ಪ್ರೀತಿಗೆ ಎಲ್ಲಿವರೆಗೆ ಹೋಗೋಕೆ ಬಿಡುವಿತ್ತೋ ಅಲ್ಲಿಗೆ ಬಂದು ಅದು ನಿಂತಿದೆ, ಅದೂ ಕಾಣುತ್ತೆ.

ಮೂರನೇದು ಆ ದಪ್ಪ ಮೈಗಳು. ಬಾಹ್ಯಾಕಾಶದಲ್ಲಿ ತೂಕ ಇಲ್ಲದೆ ಇದ್ದು ಇದ್ದು ಮೂಳೆ ಸವೆದಿದೆ ಅಂತ ಸಿನಿಮಾ ಒಂದು ವೈಜ್ಞಾನಿಕ ಕಾರಣ ಕೊಡುತ್ತೆ. ಸರಿ. ಆದರೆ ನಗು ಬರೋ ಹಾಗೆ ಮಾಡಿರೋದು ಮೂಳೆಯನ್ನಲ್ಲ, ಹೊಟ್ಟೆಯನ್ನ. ಕುರ್ಚಿಯಿಂದ ಬಿದ್ದವನು ಏಳೋಕೆ ಆಗದೆ ಒದ್ದಾಡುವಾಗ ಥಿಯೇಟರಿನ ಮಕ್ಕಳು ಗೊಳ್ಳನೆ ನಗ್ತಾರೆ. ಅದೇ ಸಾಲಿನಲ್ಲಿ ಒಂದು ದಪ್ಪ ಮಗುವೂ ಕೂತಿರುತ್ತೆ, ಶಾಲೆಯಲ್ಲಿ ಈಗಾಗಲೇ ಹತ್ತು ಅಡ್ಡಹೆಸರು ಹೊತ್ತ ಮಗು. ಅದಕ್ಕೆ ಈ ಸಿನಿಮಾ ಏನು ಹೇಳ್ತು? ಸೋಮಾರಿತನಕ್ಕೆ ದಪ್ಪ ಮೈಯೇ ಗುರುತು ಅಂತ ತಾನೇ? ಒಂದು ಚಮಚವನ್ನ ಅಷ್ಟು ಮಮತೆಯಿಂದ ನೋಡಿದ ಕಣ್ಣಿಗೆ ಮನುಷ್ಯರ ಮೈ ಕಂಡಾಗ ಯಾಕೆ ಅಷ್ಟು ಮಮತೆ ಸಾಲದೇ ಹೋಯ್ತು?

ಇನ್ನು ಮಾತಿನ ವಿಷಯ. ಇದು ನಮಗೇ ಸಂಬಂಧಪಟ್ಟದ್ದು, ಅಮೆರಿಕದ ವಿಮರ್ಶಕರು ಬರೆಯೋದಿಲ್ಲ.

ನನ್ನ ತಂಗಿಯ ಮಗಳಿಗೆ ಐದು ವರ್ಷ ಇದ್ದಾಗ ಲ್ಯಾಪ್‌ಟಾಪಿನಲ್ಲಿ ಈ ಸಿನಿಮಾ ಹಾಕಿ ಕೊಟ್ಟಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಅಂದ್ರೆ ಆಪಲ್ಲು ಬಾಲು ಅಷ್ಟೇ. ಅರ್ಧ ಗಂಟೆ ಅವಳು ಅಲುಗಾಡಲಿಲ್ಲ. ಒಂದು ಪ್ರಶ್ನೆ ಇಲ್ಲ. ನನಗಿಂತ ಮುಂಚೆ ನಗ್ತಿದ್ದಳು. ಕೊಡೆ ಹಿಡಿದಾಗ ಸಿಡಿಲು ಬಡಿದರೆ "ಅಯ್ಯೋ ಪಾಪ" ಅಂದಳು. ಹಡಗು ಬಂತು ನೋಡಿ, ಶುರುವಾಯ್ತು: "ಮಾವ, ಅವ್ನು ಏನಂತಾನೆ? ಮಾವ, ಆ ಚಕ್ರ ಯಾಕೆ ಬೇಡ ಅಂತು?" ನಾನು ಪಕ್ಕದಲ್ಲಿ ಕೂತು ಡಬ್ಬಿಂಗ್ ಆರ್ಟಿಸ್ಟ್ ಆದೆ. ಹತ್ತು ನಿಮಿಷ ಆಮೇಲೆ ಅವಳು ಎದ್ದು ಆಡೋಕೆ ಹೋದಳು. ಅಷ್ಟು ಹೊತ್ತು ಅವಳದ್ದೇ ಆಗಿದ್ದ ಸಿನಿಮಾ, ಇಂಗ್ಲಿಷ್ ಬಂದ ಕೂಡಲೇ ಬೇರೆಯವರದ್ದಾಯ್ತು.

ತಮಿಳು, ತೆಲುಗು ಮಕ್ಕಳಿಗೆ ಹಾಲಿವುಡ್ಡಿನ ದೊಡ್ಡ ದೊಡ್ಡ ಚಿತ್ರಗಳು ಅವರವರ ಭಾಷೆಯಲ್ಲಿ ಸಿಗ್ತಿದ್ದ ಕಾಲ ಅದು. ಕನ್ನಡದಲ್ಲಿ ಮಾತ್ರ 1960ರ ದಶಕದಿಂದ ಡಬ್ಬಿಂಗ್ ಇಲ್ಲ ಅನ್ನೋ ಕಟ್ಟುಪಾಡು. ಯಾವ ಕಾನೂನಿನಲ್ಲೂ ಬರೆಯದೇ ಇದ್ದರೂ ಕಾನೂನಿಗಿಂತ ಗಟ್ಟಿಯಾಗಿ ನಿಂತಿದ್ದು. ಅವತ್ತಿನ ಕಾಲಕ್ಕೆ ಅದಕ್ಕೆ ಕಾರಣ ಇತ್ತು, ಆಗ ತಾನೇ ಕಾಲೂರುತ್ತಿದ್ದ ನಮ್ಮ ಚಿತ್ರರಂಗವನ್ನ ಮದ್ರಾಸಿನ ದುಡ್ಡಿನ ನೆರೆಯಿಂದ ಉಳಿಸಿಕೊಳ್ಳಬೇಕಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಹೇಳಿ ದಂಡ ಹಾಕೋವರೆಗೂ ನಡೆದ ವಾದಗಳಲ್ಲಿ ಎರಡೂ ಕಡೆಯವರು ಮಾತಾಡಿದ್ದು ನಟರು, ತಂತ್ರಜ್ಞರು, ಥಿಯೇಟರಿನವರು, ದೊಡ್ಡ ಪ್ರೇಕ್ಷಕರ ಬಗ್ಗೆ. ಐದು ವರ್ಷದ ಪ್ರೇಕ್ಷಕರನ್ನ ಕೇಳಿದವರು ಕಮ್ಮಿ. ಸಬ್‌ಟೈಟಲ್ ಹಾಕಿ ಅನ್ನೋ ಉತ್ತರ ಓದೋಕೆ ಬರೋವರಿಗೆ ಆಯ್ತು, ಬರದವರಿಗೆ? ನಾವು ಬಾಗಿಲು ಹಾಕಿದಾಗ ಮಗು ಕನ್ನಡ ಸಿನಿಮಾಕ್ಕೇನೂ ಬರಲಿಲ್ಲ. ಬಾಹ್ಯಾಕಾಶಕ್ಕೆ ಹೋಗೋಕೆ ಇಂಗ್ಲಿಷೇ ಟಿಕೆಟ್ಟು ಅಂತ ಕಲಿತುಕೊಂಡಿತು, ಅಷ್ಟೇ. ವಾಲ್-ಈಯ ಮೊದಲ ಭಾಗ ಆ ಟಿಕೆಟ್ ಕೇಳದೆ ಒಳಗೆ ಬಿಟ್ಟ ಅಪರೂಪದ ಜಾಗ. ಅದನ್ನ ನಾನು ಬರೀ ಕಲೆಯ ಗುಣ ಅಂತ ಎಣಿಸೋದಿಲ್ಲ, ಅದೊಂದು ದೊಡ್ಡ ಮನಸ್ಸು.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ವಾಲ್-ಈಯನ್ನ ನೋಡಿದಾಗ ಹೊರಗಿನವರಿಗೆ ಚಾಪ್ಲಿನ್ ನೆನಪಾಗಬಹುದು. ನಮಗೆ ಇನ್ನೊಬ್ಬರೂ ನೆನಪಾಗಬೇಕು. ಬೆಳಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟು, ನಾವು ಎಸೆದದ್ದರಲ್ಲಿ ಬಾಟಲಿ ಬೇರೆ, ರಟ್ಟು ಬೇರೆ, ತಗಡು ಬೇರೆ ಮಾಡುವ ಚಿಂದಿ ಆಯುವವರು. ಬೆಂಗಳೂರು ತನ್ನ ಕಸವನ್ನ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೊತ್ತುಹಾಕಿ ಬೆಟ್ಟ ಮಾಡಿದ್ದು, ಆ ಊರಿನವರು ಸಾಕಪ್ಪ ನಿಮ್ಮ ಕಸ ಅಂತ ಎದುರು ನಿಂತದ್ದು ಬಹಳ ಹಿಂದಿನ ಕಥೆಯೇನಲ್ಲ. ಕಸ ಆಕಾಶಕ್ಕೆ ಹೋಗಲ್ಲ, ಇನ್ನೊಬ್ಬರ ಊರಿಗೆ ಹೋಗುತ್ತೆ. ಸಿನಿಮಾದಲ್ಲಿ ಭೂಮಿ ಬಿಟ್ಟು ಹೋಗೋಕೆ ಎಲ್ಲರಿಗೂ ಕುರ್ಚಿ ಸಿಕ್ಕಿದೆ ಅನ್ನೋ ಹಾಗೆ ತೋರಿಸಿದಾರೆ. ನಿಜವಾಗಿ ಹಾಗೆ ಆಗುತ್ತಾ? ಹಡಗು ಹೊರಟಾಗ ಮಂಡೂರಿನವರು ಎಲ್ಲಿರ್ತಿದ್ರು? ಹಿಂದೆ ಉಳಿದು ಕಸ ಬಳೀತಾ ಇದ್ದದ್ದು ಬರೀ ಯಂತ್ರ ಅಂತ ಮಾಡಿಕೊಂಡರೆ ಈ ಪ್ರಶ್ನೆ ಎದುರಿಸುವ ಕಷ್ಟ ಇಲ್ಲ. ಚಿತ್ರದ ಅತ್ಯಂತ ಚೆಂದದ ಕಲ್ಪನೆಯೇ ಅದರ ಅತ್ಯಂತ ಅನುಕೂಲದ ಕಲ್ಪನೆಯೂ ಹೌದು.

ಇಷ್ಟೆಲ್ಲ ದೂರಿದ ಮೇಲೂ ಇದನ್ನ ಮಕ್ಕಳಿಗೆ ತೋರಿಸಬೇಕಾ ಅಂದ್ರೆ, ಖಂಡಿತ ತೋರಿಸಿ. ಪಕ್ಕದಲ್ಲಿ ಕೂತು ತೋರಿಸಿ. ದಪ್ಪ ಮೈ ನೋಡಿ ನಕ್ಕಾಗ ಒಂದು ಮಾತು ಕೇಳಿ. ಚಕ್ರದ ಸ್ವಿಚ್ ಆರಿದಾಗ, ಅದಕ್ಕೆ ಹಾಗೆ ಮಾಡು ಅಂತ ಹೇಳಿದ್ದು ಯಾರು ಅಂತ ಕೇಳಿ. ಮತ್ತೆ ಹೆಸರುಗಳು ಬರೋಕೆ ಶುರುವಾದ ತಕ್ಷಣ ಬಂದ್ ಮಾಡಬೇಡಿ. ಅಲ್ಲಿ ಗುಹೆಯ ಚಿತ್ರಗಳಿಂದ ಹಿಡಿದು ವ್ಯಾನ್ ಗೋವರೆಗೆ ಬೇರೆಬೇರೆ ಶೈಲಿಯಲ್ಲಿ, ವಾಪಸ್ ಬಂದ ಮನುಷ್ಯರು ಯಂತ್ರಗಳ ಜೊತೆ ಸೇರಿಕೊಂಡು ಬೆಂಕಿ ಮಾಡೋದು, ಬಾವಿ ತೋಡೋದು, ಬಿತ್ತೋದು, ಮೀನು ಹಿಡಿಯೋದು ಬರುತ್ತೆ. ಒಂದು ಸಸಿ ನೆಟ್ಟ ಕೂಡಲೇ ಎಲ್ಲ ಸರಿಹೋಯ್ತು ಅನ್ನೋ ಸುಲಭದ ಮುಕ್ತಾಯವನ್ನ ಈ ಕೆಲವು ನಿಮಿಷಗಳು ಸ್ವಲ್ಪ ತಿದ್ದುತ್ತವೆ: ಬಂದರೆ ಸಾಲದು, ಎಲ್ಲವನ್ನೂ ಮೊದಲಿನಿಂದ ಕಲೀಬೇಕು, ಮೈ ಬಗ್ಗಿಸಿ ದುಡೀಬೇಕು. ಇದನ್ನೂ ಒಂದೇ ಒಂದು ಸಂಭಾಷಣೆ ಇಲ್ಲದೆ, ಹಿಂದೊಂದು ಹಾಡು ಹಾಕಿಕೊಂಡು ಚಿತ್ರದಲ್ಲೇ ಹೇಳಿದ್ದಾರೆ. ಮಾತು ನಿಂತ ಕೂಡಲೇ ಸಿನಿಮಾ ಮತ್ತೆ ಚೆನ್ನಾಗಿ ಆಗಿಬಿಡುತ್ತೆ, ನೋಡಿ.